ಐದರ ನಾಣ್ಯ ಎಷ್ಟು, ಹತ್ತರ ನಾಣ್ಯ ಎಷ್ಟು? ಫಾರ್ವರ್ಡ್ ಆಗುವ ನಾಣ್ಯದ ಲೆಕ್ಕಗಳ ಹಿಂದಿನ ಗಣಿತ

"ಒಂದು ಚೀಲದಲ್ಲಿ 5 ರೂಪಾಯಿ ಮತ್ತು 10 ರೂಪಾಯಿ ನಾಣ್ಯಗಳು ಸೇರಿ ಒಟ್ಟು 40 ಇವೆ. ಎಲ್ಲ ಸೇರಿದರೆ 275 ರೂಪಾಯಿ. ಹಾಗಾದರೆ ಯಾವ ನಾಣ್ಯ ಎಷ್ಟು? ಶೇ. 99ರಷ್ಟು ಜನ ತಪ್ಪು ಉತ್ತರ ಕೊಡುತ್ತಾರೆ. ನೀವು ಜೀನಿಯಸ್ ಆಗಿದ್ದರೆ ಮಾತ್ರ ಬಿಡಿಸಿ, 10 ಗ್ರೂಪ್‌ಗಳಿಗೆ ಕಳಿಸಿ."

ಇಂಥ ಸಂದೇಶ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಸಂಖ್ಯೆಗಳು ಬದಲಾಗುತ್ತವೆ. ಒಮ್ಮೆ ನಾಣ್ಯ ಇರುತ್ತದೆ, ಇನ್ನೊಮ್ಮೆ ಕುರಿ-ಕೋಳಿ, ಮತ್ತೊಮ್ಮೆ ಬಾಳೆಹಣ್ಣು-ಸೇಬು. ಕೆಳಗೆ ಮಾತ್ರ ಅದೇ ಸಾಲು: ಜೀನಿಯಸ್‌ಗಳಿಗೆ ಮಾತ್ರ. ಇದರ ಜೊತೆಗೆ ಇನ್ನೂ ಮೂರು ಮಾತುಗಳು ಹರಿದಾಡುತ್ತವೆ. ಶಾಲೆಯಲ್ಲಿ ಕಲಿಸುವ ಎಕ್ಸ್, ವೈ ಜೀವನಕ್ಕೆ ಉಪಯೋಗವಿಲ್ಲ ಎಂಬುದು ಒಂದು. ಶಾಲೆಯ ಸಮೀಕರಣಕ್ಕಿಂತ ಬೇರೆಯದೇ ಆದ 'ಸೀಕ್ರೆಟ್ ಟ್ರಿಕ್' ಇದೆ ಎಂಬುದು ಇನ್ನೊಂದು. ಲೆಕ್ಕ ಎಂದ ಮೇಲೆ ಅದಕ್ಕೆ ಉತ್ತರ ಇದ್ದೇ ಇರುತ್ತದೆ ಎಂಬುದು ಮೂರನೆಯದು.

ಈ ಮಾತುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ಈ ಬರಹದಲ್ಲಿ ನೋಡೋಣ. ಉದಾಹರಣೆಗಳನ್ನು ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಸಂತೆ, ಜಾತ್ರೆ, ಸಂಘಗಳ ಬದುಕಿಗೆ ಹೊಂದುವಂತೆ ನಾವೇ ಕಟ್ಟಿದ್ದೇವೆ. ಚಿಲ್ಲರೆ ಇಲ್ಲದೆ ದಿನ ಸಾಗದ ಕಡೆ ನಾಣ್ಯದ ಲೆಕ್ಕ ಬರೀ ಒಗಟಲ್ಲ.

ಸಂಕ್ಷಿಪ್ತವಾಗಿ

• ಇಂಥ ಲೆಕ್ಕ ಬಿಡಿಸಲು ಜೀನಿಯಸ್ ಆಗಬೇಕಿಲ್ಲ. ಹತ್ತನೇ ತರಗತಿಯ ಪಾಠ ಸಾಕು.
• 'ಸೀಕ್ರೆಟ್ ಟ್ರಿಕ್' ಮತ್ತು ಶಾಲೆಯ ವಿಧಾನ ಎರಡೂ ಒಂದೇ.
• ಎಲ್ಲ ಲೆಕ್ಕಕ್ಕೂ ಉತ್ತರ ಇರುವುದಿಲ್ಲ. ಉತ್ತರ ಇಲ್ಲ ಎಂದು ತೋರಿಸುವುದೂ ಒಂದು ಉತ್ತರವೇ.
• ಸಮೀಕರಣ ಸರಿಯಿದ್ದರೂ ನಾವು ಹಾಕಿಕೊಂಡ ಊಹೆ ತಪ್ಪಿದ್ದರೆ ಲೆಕ್ಕ ತಪ್ಪುತ್ತದೆ.

ಗೊತ್ತಿಲ್ಲದ್ದು ಎರಡು, ಸುಳಿವೂ ಎರಡು

ಮೇಲಿನ ಚೀಲವನ್ನೇ ತೆಗೆದುಕೊಳ್ಳೋಣ. ನಮಗೆ ಗೊತ್ತಿಲ್ಲದ್ದು ಎರಡು ಸಂಗತಿ: ಐದರ ನಾಣ್ಯ ಎಷ್ಟು, ಹತ್ತರ ನಾಣ್ಯ ಎಷ್ಟು. ಶಾಲೆಯಲ್ಲಿ ಇವುಗಳಿಗೆ ಎಕ್ಸ್, ವೈ ಎಂದು ಹೆಸರಿಡುತ್ತಾರೆ. ನಾವು ಸುಲಭಕ್ಕೆ ಐದರ ನಾಣ್ಯಗಳ ಸಂಖ್ಯೆಗೆ 'ಐ' ಎಂದೂ ಹತ್ತರ ನಾಣ್ಯಗಳ ಸಂಖ್ಯೆಗೆ 'ಹ' ಎಂದೂ ಕರೆಯೋಣ.

ಮೊದಲ ಸುಳಿವು ನಾಣ್ಯಗಳ ಎಣಿಕೆಯದ್ದು:

ಐ + ಹ = 40

ಎರಡನೆಯ ಸುಳಿವು ಹಣದ್ದು. ಒಂದೊಂದು ಐದರ ನಾಣ್ಯಕ್ಕೆ 5 ರೂಪಾಯಿ, ಒಂದೊಂದು ಹತ್ತರ ನಾಣ್ಯಕ್ಕೆ 10 ರೂಪಾಯಿ:

5ಐ + 10ಹ = 275

ಇವೆರಡೂ ಒಂದೇ ಚೀಲದ ಬಗ್ಗೆ ಹೇಳುವ ಮಾತುಗಳು. ಆದ್ದರಿಂದ ಎರಡೂ ಒಟ್ಟಿಗೆ ನಿಜವಾಗಿರಬೇಕು. ಅದಕ್ಕೇ ಇವನ್ನು ಏಕಕಾಲಿಕ ಸಮೀಕರಣಗಳು ಎನ್ನುತ್ತಾರೆ. ರಾಜ್ಯದ ಹತ್ತನೇ ತರಗತಿ ಗಣಿತ ಪುಸ್ತಕದಲ್ಲಿ 'ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣಗಳ ಜೋಡಿ' ಎಂದು ಬರುವ ಪಾಠ ಇದೇ.

ಬಿಡಿಸುವುದು ಹೀಗೆ. ಮೊದಲ ಸಮೀಕರಣವನ್ನು 5ರಿಂದ ಗುಣಿಸಿ:

5ಐ + 5ಹ = 200

ಇದನ್ನು ಎರಡನೆಯದರಿಂದ ಕಳೆಯಿರಿ. ಐದರ ನಾಣ್ಯಗಳ ಭಾಗ ಎರಡೂ ಕಡೆ ಒಂದೇ ಇರುವುದರಿಂದ ಅದು ಮಾಯವಾಗುತ್ತದೆ. ಉಳಿಯುವುದು:

5ಹ = 75

ಅಂದರೆ ಹ = 15. ಒಟ್ಟು 40ರಲ್ಲಿ 15 ಹೋದರೆ ಐ = 25.

ತಾಳೆ ನೋಡೋಣ. 25 ಐದರ ನಾಣ್ಯ ಎಂದರೆ 125 ರೂಪಾಯಿ, 15 ಹತ್ತರ ನಾಣ್ಯ ಎಂದರೆ 150 ರೂಪಾಯಿ. ಸೇರಿಸಿದರೆ 275. ಎಣಿಕೆ 40. ಎರಡೂ ಸರಿ ಬಂತು.

ಒಂದೇ ಸುಳಿವಿದ್ದರೆ ಏನಾಗುತ್ತಿತ್ತು? ಒಟ್ಟು 275 ರೂಪಾಯಿ ಎಂದಷ್ಟೇ ಗೊತ್ತಿದ್ದರೆ ಹತ್ತರ ನಾಣ್ಯ ಸೊನ್ನೆಯಿಂದ ಹಿಡಿದು 27ರವರೆಗೆ ಎಷ್ಟು ಬೇಕಾದರೂ ಇರಬಹುದು. ಅಂದರೆ 28 ಉತ್ತರಗಳು. ಒಟ್ಟು 40 ನಾಣ್ಯ ಎಂದಷ್ಟೇ ಗೊತ್ತಿದ್ದರೆ ಉತ್ತರಗಳು 41. ಎರಡು ಸುಳಿವು ಸೇರಿದಾಗ ಮಾತ್ರ ಒಂದೇ ಒಂದು ಉತ್ತರ ಉಳಿಯುತ್ತದೆ. ಪಾಠದ ಜೀವಾಳ ಇಷ್ಟೇ: ಗೊತ್ತಿಲ್ಲದ್ದು ಎರಡಿದ್ದರೆ ಬೇರೆ ಬೇರೆಯಾದ ಎರಡು ಸುಳಿವು ಬೇಕು.

'ಸೀಕ್ರೆಟ್ ಟ್ರಿಕ್' ಎಂದರೆ ಏನು?

ವಿಡಿಯೊಗಳಲ್ಲಿ ಬರುವ ಟ್ರಿಕ್ ಸಾಮಾನ್ಯವಾಗಿ ಹೀಗಿರುತ್ತದೆ. "ನಲವತ್ತೂ ಐದರ ನಾಣ್ಯ ಎಂದುಕೊಳ್ಳಿ. ಆಗ 200 ರೂಪಾಯಿ ಆಗುತ್ತದೆ. ಆದರೆ ಇರುವುದು 275. ಕೊರತೆ 75. ಒಂದು ಐದರ ನಾಣ್ಯ ತೆಗೆದು ಹತ್ತರದ್ದು ಇಟ್ಟರೆ 5 ರೂಪಾಯಿ ಹೆಚ್ಚುತ್ತದೆ. 75ನ್ನು 5ರಿಂದ ಭಾಗಿಸಿ. ಹತ್ತರ ನಾಣ್ಯ 15!"

ವಿಧಾನ ಸೊಗಸಾಗಿದೆ, ಸರಿಯಾಗಿಯೂ ಇದೆ. ಸೀಕ್ರೆಟ್ ಮಾತ್ರ ಅಲ್ಲ. 'ಎಲ್ಲವೂ ಐದರದ್ದು' ಎಂದುಕೊಂಡು 200 ಬರೆದದ್ದು ಮೊದಲ ಸಮೀಕರಣವನ್ನು 5ರಿಂದ ಗುಣಿಸಿದ್ದಕ್ಕೆ ಸಮ. 275ರಿಂದ 200 ಕಳೆದದ್ದು ಒಂದು ಸಮೀಕರಣದಿಂದ ಇನ್ನೊಂದನ್ನು ಕಳೆದದ್ದಕ್ಕೆ ಸಮ. ಶಾಲೆಯಲ್ಲಿ ಇದಕ್ಕೆ ವರ್ಜಿಸುವ ವಿಧಾನ ಎಂಬ ಹೆಸರಿದೆ. ಹೆಜ್ಜೆ ಅದೇ, ಬಾಯಲ್ಲಿ ಹೇಳುವ ರೀತಿ ಬೇರೆ.

ಈ ಟ್ರಿಕ್ ಹೊಸದೂ ಅಲ್ಲ. ಚೀನಾದ 'ಸುನ್‌ಜಿ ಸುವಾನ್‌ಜಿಂಗ್' ಎಂಬ ಹಳೆಯ ಗಣಿತ ಗ್ರಂಥದಲ್ಲಿ ಒಂದೇ ಗೂಡಿನಲ್ಲಿರುವ ಕಾಡುಕೋಳಿ ಮತ್ತು ಮೊಲಗಳ ಲೆಕ್ಕವಿದೆ. ತಲೆಗಳು 35, ಕಾಲುಗಳು 94. ಎಲ್ಲವೂ ಕೋಳಿ ಎಂದುಕೊಂಡರೆ ಕಾಲು 70. ಹೆಚ್ಚುವರಿ 24. ಒಂದೊಂದು ಮೊಲಕ್ಕೆ ಎರಡು ಕಾಲು ಹೆಚ್ಚು. ಆದ್ದರಿಂದ ಮೊಲ 12, ಕೋಳಿ 23. ನಮ್ಮ ಗ್ರೂಪ್‌ಗಳಲ್ಲಿ ಓಡಾಡುವ ಕುರಿ-ಕೋಳಿ ಒಗಟು ಇದರದ್ದೇ ರೂಪ.

ಕನ್ನಡ ನಾಡಿನ ಹಳೆಯ ಲೆಕ್ಕ

"ಆಲ್ಜೀಬ್ರಾ ಇಂಗ್ಲಿಷರು ತಂದದ್ದು" ಎಂದು ಒಂದು ಫಾರ್ವರ್ಡ್ ಹೇಳುತ್ತದೆ. "ಜಗತ್ತಿಗೆ ಎಲ್ಲ ಗಣಿತ ಕಲಿಸಿದವರು ನಾವೇ" ಎಂದು ಇನ್ನೊಂದು ಹೇಳುತ್ತದೆ. ಎರಡೂ ಪೂರ್ತಿ ನಿಜವಲ್ಲ.

ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಎಂಬ ಗ್ರಂಥ ಬರೆದ. ನೃಪತುಂಗನ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಸಂಸ್ಕೃತದಲ್ಲಿರುವ ಆ ಗ್ರಂಥದಲ್ಲಿ ಹಣ್ಣಿನ ಬೆಲೆಯ ಒಂದು ಲೆಕ್ಕವಿದೆ. ಅದರ ಸಾರ ಇಷ್ಟು: 9 ಮಾದಲ ಹಣ್ಣು ಮತ್ತು 7 ಬೇಲದ ಹಣ್ಣಿಗೆ ಸೇರಿ ಬೆಲೆ 107. 7 ಮಾದಲ ಹಣ್ಣು ಮತ್ತು 9 ಬೇಲದ ಹಣ್ಣಿಗೆ ಬೆಲೆ 101. ಒಂದೊಂದರ ಬೆಲೆ ಎಷ್ಟು?

ಇದನ್ನು ಬಾಯಲ್ಲೇ ಬಿಡಿಸಬಹುದು. ಎರಡೂ ಸಾಲು ಕೂಡಿಸಿದರೆ 16 ಮಾದಲ ಮತ್ತು 16 ಬೇಲಕ್ಕೆ 208. ಅಂದರೆ ಒಂದು ಮಾದಲ ಮತ್ತು ಒಂದು ಬೇಲ ಸೇರಿ 13. ಎರಡೂ ಸಾಲು ಕಳೆದರೆ 2 ಮಾದಲದ ಬೆಲೆ 2 ಬೇಲದ ಬೆಲೆಗಿಂತ 6 ಹೆಚ್ಚು. ಅಂದರೆ ಒಂದಕ್ಕೆ 3 ಹೆಚ್ಚು. ಕೂಡಿದರೆ 13, ವ್ಯತ್ಯಾಸ 3. ಆದ್ದರಿಂದ ಮಾದಲ 8, ಬೇಲ 5. ಸುಮಾರು 1,150 ವರ್ಷಗಳ ಹಿಂದೆ ಈ ನೆಲದಲ್ಲಿ ಎಕ್ಸ್, ವೈ ಎಂಬ ಅಕ್ಷರಗಳಿಲ್ಲದೆಯೇ ಜೋಡಿ ಸಮೀಕರಣ ಬಿಡಿಸುತ್ತಿದ್ದರು. ಮುಂದೆ ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲಿಯೇ 'ವ್ಯವಹಾರಗಣಿತ' ಬರೆದ. ವ್ಯವಹಾರದ ಲೆಕ್ಕಕ್ಕೆಂದೇ ಕನ್ನಡದಲ್ಲಿ ಒಂದು ಪುಸ್ತಕ ಬೇಕೆನಿಸಿತ್ತು ಎಂಬುದು ಹೆಸರಿನಲ್ಲೇ ಗೊತ್ತಾಗುತ್ತದೆ.

ಹಾಗೆಂದು 'ನಾವೇ ಮೊದಲು' ಎನ್ನಲು ಬರುವುದಿಲ್ಲ. ಸುಮಾರು ಎರಡು ಸಾವಿರ ವರ್ಷ ಹಳೆಯದಾದ ಚೀನಾದ 'ಒಂಬತ್ತು ಅಧ್ಯಾಯಗಳು' ಎಂಬ ಗ್ರಂಥದಲ್ಲಿ ಇಂಥ ಲೆಕ್ಕಗಳಿಗೆಂದೇ ಒಂದು ಅಧ್ಯಾಯವಿದೆ. ಸಂತೆ, ತೆರಿಗೆ, ಧಾನ್ಯದ ಅಳತೆ ಇದ್ದ ಕಡೆಯೆಲ್ಲ ಜನ ಈ ಲೆಕ್ಕ ಕಂಡುಕೊಂಡಿದ್ದಾರೆ. ನಮ್ಮ ಮಹಾವೀರಾಚಾರ್ಯ ದೊಡ್ಡವನಾಗಲು ಬೇರೆಯವರು ಚಿಕ್ಕವರಾಗಬೇಕಿಲ್ಲ.

ಉತ್ತರವೇ ಇಲ್ಲದ ಲೆಕ್ಕಗಳು

ಫಾರ್ವರ್ಡ್ ಆಗುತ್ತಾ ಆಗುತ್ತಾ ಯಾರೋ ಒಬ್ಬರು ಒಂದು ಸಂಖ್ಯೆ ತಪ್ಪಾಗಿ ಟೈಪ್ ಮಾಡುತ್ತಾರೆ. ಅಲ್ಲಿಂದ ಮುಂದೆ ಆ ಲೆಕ್ಕಕ್ಕೆ ಉತ್ತರವೇ ಇರುವುದಿಲ್ಲ. ಆದರೂ ಜನ "ನನಗೆ ಲೆಕ್ಕ ಬರುವುದಿಲ್ಲ" ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ಅದೇ ಚೀಲದ ನಾಲ್ಕು ಕೆಟ್ಟ ರೂಪಗಳನ್ನು ನೋಡಿ.

ಒಂದು: 40 ನಾಣ್ಯ, 278 ರೂಪಾಯಿ. ಲೆಕ್ಕ ಮಾಡಿದರೆ 5ಹ = 78 ಎಂದು ಬರುತ್ತದೆ. ಹ = 15.6. ಹದಿನೈದೂವರೆ ಚಿಲ್ಲರೆ ನಾಣ್ಯ ಇರಲು ಸಾಧ್ಯವಿಲ್ಲ. ಐದು ಮತ್ತು ಹತ್ತರ ನಾಣ್ಯಗಳಿಂದ ಆಗುವ ಮೊತ್ತದ ಕೊನೆಯ ಅಂಕಿ 0 ಅಥವಾ 5 ಆಗಿರಲೇಬೇಕು. 278 ನೋಡಿದ ಕೂಡಲೇ ಲೆಕ್ಕ ತಪ್ಪು ಎಂದು ಹೇಳಬಹುದು.

ಎರಡು: 40 ನಾಣ್ಯ, 450 ರೂಪಾಯಿ. ಉತ್ತರ ಹ = 50, ಐ = -10 ಎಂದು ಬರುತ್ತದೆ. ಸಮೀಕರಣಕ್ಕೆ ಇದು ಒಪ್ಪಿಗೆ, ಚೀಲಕ್ಕೆ ಅಲ್ಲ. ನಲವತ್ತೂ ಹತ್ತರದ್ದೇ ಆದರೂ 400 ರೂಪಾಯಿ ದಾಟುವುದಿಲ್ಲ.

ಮೂರು: "ಒಟ್ಟು 40 ನಾಣ್ಯ. ಎರಡೂ ಬಗೆಯವನ್ನು ಇಮ್ಮಡಿ ಮಾಡಿದರೆ 80." ಎರಡನೆಯ ಸಾಲು ಹೊಸದೇನನ್ನೂ ಹೇಳುವುದಿಲ್ಲ. ಒಂದೇ ಸುಳಿವನ್ನು ಎರಡು ಸಲ ಹೇಳಿದೆ ಅಷ್ಟೇ. ಉತ್ತರಗಳು 41. ಪಠ್ಯದಲ್ಲಿ ಇವನ್ನು ಐಕ್ಯಗೊಳ್ಳುವ ರೇಖೆಗಳು ಎನ್ನುತ್ತಾರೆ.

ನಾಲ್ಕು: "ಒಟ್ಟು 40 ನಾಣ್ಯ. ಎರಡೂ ಬಗೆಯವನ್ನು ಇಮ್ಮಡಿ ಮಾಡಿದರೆ 90." ಇವೆರಡೂ ಒಟ್ಟಿಗೆ ನಿಜವಾಗಲಾರವು. ನಕ್ಷೆಯಲ್ಲಿ ಬರೆದರೆ ಎರಡು ಸಮಾಂತರ ರೇಖೆಗಳು, ಎಲ್ಲೂ ಸೇರುವುದಿಲ್ಲ.

ಆದ್ದರಿಂದ ಲೆಕ್ಕ ಬಿಡಿಸುವ ಮೊದಲು ಎರಡು ಸಣ್ಣ ತಪಾಸಣೆ ಮಾಡಿ. ಎಲ್ಲವೂ ಚಿಕ್ಕ ನಾಣ್ಯ ಆದರೆ ಎಷ್ಟು, ಎಲ್ಲವೂ ದೊಡ್ಡ ನಾಣ್ಯ ಆದರೆ ಎಷ್ಟು? ಮೊತ್ತ ಇವೆರಡರ ನಡುವೆ ಇದೆಯೇ? ಕೊನೆಯ ಅಂಕಿ ಹೊಂದುತ್ತದೆಯೇ? ಅರ್ಧ ನಿಮಿಷ ಸಾಕು.

'ಒಂದು ರೂಪಾಯಿ ಎಲ್ಲಿಂದ ಬಂತು?'

ಇನ್ನೊಂದು ಜನಪ್ರಿಯ ಫಾರ್ವರ್ಡ್ ಇದೆ. ಕೈಯಲ್ಲಿ 50 ರೂಪಾಯಿ. 20 ಖರ್ಚು, ಉಳಿದದ್ದು 30. ಮತ್ತೆ 15 ಖರ್ಚು, ಉಳಿದದ್ದು 15. ಮತ್ತೆ 9 ಖರ್ಚು, ಉಳಿದದ್ದು 6. ಮತ್ತೆ 6 ಖರ್ಚು, ಉಳಿದದ್ದು 0. ಖರ್ಚು ಕೂಡಿಸಿದರೆ 50. ಉಳಿದದ್ದನ್ನು ಕೂಡಿಸಿದರೆ 51. ಆ ಒಂದು ರೂಪಾಯಿ ಎಲ್ಲಿಂದ ಬಂತು?

ಎಲ್ಲಿಂದಲೂ ಬಂದಿಲ್ಲ. ಪ್ರತಿ ಸಲ 'ಉಳಿದದ್ದು' ಎಂದು ಬರೆದಾಗ ಅದೇ ಹಣವನ್ನು ಮತ್ತೆ ಮತ್ತೆ ಎಣಿಸಿದ್ದೇವೆ. ಕೊನೆಯ 6 ರೂಪಾಯಿ 30ರೊಳಗೂ ಇತ್ತು, 15ರೊಳಗೂ ಇತ್ತು. ಅದನ್ನು ಮೂರು ಸಲ ಕೂಡಿಸಿದರೆ ಬರುವ ಸಂಖ್ಯೆಗೆ ಅರ್ಥವಿಲ್ಲ. ನಂಬಿಕೆ ಬಾರದಿದ್ದರೆ ಅದೇ 50 ರೂಪಾಯಿಯನ್ನು 1, 1, 1, 47 ಎಂದು ಖರ್ಚು ಮಾಡಿ. ಉಳಿದದ್ದು 49, 48, 47, 0. ಕೂಡಿಸಿದರೆ 144! ಹಾಗಾದರೆ 94 ರೂಪಾಯಿ ಲಾಭವೇ? ಖಂಡಿತ ಅಲ್ಲ. 50ರ ಹತ್ತಿರದ 51 ಬರುವಂತೆ ಸಂಖ್ಯೆಗಳನ್ನು ಆರಿಸಿರುವುದೇ ಈ ಒಗಟಿನ ಮೋಸ.

ಒಗಟು ಬಿಡಿ, ಸಂಘದ ರೊಕ್ಕ?

ಈಗ ನಗೆಯ ವಿಷಯ ಬಿಟ್ಟು ಗಂಭೀರವಾದದ್ದಕ್ಕೆ ಬರೋಣ. ಹಗರಿಬೊಮ್ಮನಹಳ್ಳಿ ಕಡೆಯ ಹಳ್ಳಿಯೊಂದರಲ್ಲಿ ಮಹಿಳೆಯರ ಸ್ವಸಹಾಯ ಸಂಘ ಇದೆ ಎಂದು ಭಾವಿಸಿ. ವಾರದ ಉಳಿತಾಯಕ್ಕೆ ಐದು ಮತ್ತು ಹತ್ತರ ನಾಣ್ಯಗಳು ಬಂದಿವೆ. ಹಣ ಪಡೆಯುವಾಗಲೇ ಪುಸ್ತಕದಲ್ಲಿ ಬರೆದದ್ದು: ಒಟ್ಟು 60 ನಾಣ್ಯ, ಅದರಲ್ಲಿ ಹತ್ತರವು 26, ಮೊತ್ತ 445 ರೂಪಾಯಿ. ಮರುದಿನ ಪೆಟ್ಟಿಗೆ ತೆರೆದು ಎಣಿಸಿದರೆ 430 ರೂಪಾಯಿ.

"ಯಕ್ಕಾ, ಹದಿನೈದು ರೂಪಾಯಿ ಎಲ್ಲಿ ಹೋತು?" ಎಂಬ ಪ್ರಶ್ನೆ ಬರುತ್ತದೆ. ಪೆಟ್ಟಿಗೆ ಇಟ್ಟುಕೊಂಡ ಹೆಣ್ಣುಮಗಳ ಮೇಲೆ ಕಣ್ಣು ಬೀಳುತ್ತದೆ. ಮೊತ್ತ ಸಣ್ಣದು, ಆದರೆ ಹೋಗುವುದು ಹೆಸರು. ಈ ಅನುಮಾನ ಗ್ರೂಪ್‌ನಲ್ಲಿ ವಾಯ್ಸ್ ಮೆಸೇಜ್ ಆಗಿ ಹರಿದಾಡಿದರೆ ಸಂಘವೇ ಒಡೆಯಬಹುದು.

ಇಲ್ಲಿ ಸಮೀಕರಣ ಏನು ಹೇಳುತ್ತದೆ? ಮೊದಲು ಪೆಟ್ಟಿಗೆಯ ನಾಣ್ಯ ಎಣಿಸಿ. ಅದರಲ್ಲಿ 60 ನಾಣ್ಯ ಇವೆ ಎಂದುಕೊಳ್ಳೋಣ. 15 ರೂಪಾಯಿ ಯಾರಾದರೂ ತೆಗೆದಿದ್ದರೆ ಕನಿಷ್ಠ ಎರಡು ನಾಣ್ಯ ಕಡಿಮೆ ಇರಬೇಕಿತ್ತು. ಕಡಿಮೆ ಆಗಿಲ್ಲ. ಯಾರಾದರೂ ಹತ್ತರ ಮೂರು ನಾಣ್ಯ ತೆಗೆದು ಐದರ ಮೂರು ಇಟ್ಟಿರಬಹುದೇ? ಹಾಗಾಗಿದ್ದರೆ ಮೊದಲು ಹತ್ತರವು 29 ಇರಬೇಕಿತ್ತು. ಏಕೆಂದರೆ 60 ನಾಣ್ಯಕ್ಕೆ 445 ರೂಪಾಯಿ ಆಗಬೇಕಾದರೆ 5ಹ = 145, ಅಂದರೆ ಹ = 29. ಆದರೆ ಹಣ ಪಡೆಯುವಾಗಲೇ ಬರೆದ ಪುಸ್ತಕ 26 ಎನ್ನುತ್ತದೆ. 26 ಹತ್ತರವು ಎಂದರೆ 260, ಉಳಿದ 34 ಐದರವು ಎಂದರೆ 170. ಕೂಡಿಸಿದರೆ 430. ಪೆಟ್ಟಿಗೆಯಲ್ಲಿರುವುದೂ ಅಷ್ಟೇ.

ಅಂದರೆ ಪುಸ್ತಕದ ಮೂರು ಸಂಖ್ಯೆಗಳೇ ಒಂದಕ್ಕೊಂದು ಹೊಂದುವುದಿಲ್ಲ. ತಪ್ಪು ಆಗಿರುವುದು ಕೂಡುವಾಗ. ಹಣ ಎಲ್ಲೂ ಹೋಗಿಲ್ಲ.

ಸಮೀಕರಣ ಕಳ್ಳರನ್ನು ಹಿಡಿಯುವ ಯಂತ್ರವಲ್ಲ ಎಂಬುದನ್ನು ನೆನಪಿಡಿ. ಬರೆದ ಸಂಖ್ಯೆಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದಷ್ಟೇ ಅದು ಹೇಳುತ್ತದೆ. ಆದರೆ ಎಷ್ಟೋ ಸಲ ಅಷ್ಟೇ ಬೇಕಾಗಿರುತ್ತದೆ. ಆದ್ದರಿಂದ ಸಂಘದ ಪುಸ್ತಕದಲ್ಲಿ ಮೊತ್ತ ಮಾತ್ರ ಬರೆಯಬೇಡಿ. ಒಟ್ಟು ನಾಣ್ಯ ಎಷ್ಟು, ಯಾವ ಬಗೆಯದ್ದು ಎಷ್ಟು ಎಂಬುದನ್ನೂ ಬರೆಯಿರಿ. ಆಗ ತಪ್ಪು ಎಲ್ಲಿದೆ ಎಂದು ಪುಸ್ತಕವೇ ತೋರಿಸುತ್ತದೆ.

ಹತ್ತರ ನಾಣ್ಯ ಬೇಡ ಎಂದರೆ?

ನಾಣ್ಯದ ಲೆಕ್ಕದಲ್ಲಿ ಯಾರೂ ಬರೆಯದ ಒಂದು ಊಹೆ ಇರುತ್ತದೆ: ಹತ್ತರ ನಾಣ್ಯಕ್ಕೆ ಹತ್ತು ರೂಪಾಯಿ ಬೆಲೆ ಇದೆ. ಆದರೆ ಕರ್ನಾಟಕದ ಎಷ್ಟೋ ಕಡೆ "ಹತ್ತರ ನಾಣ್ಯ ನಡೆಯೋದಿಲ್ರೀ" ಎಂಬ ಮಾತು ವರ್ಷಗಟ್ಟಲೆ ಕೇಳಿಬಂದಿದೆ. ಇದಕ್ಕೂ ಫಾರ್ವರ್ಡ್‌ಗಳೇ ಕಾರಣ. ರೂಪಾಯಿ ಚಿಹ್ನೆ (₹) ಇಲ್ಲದ ನಾಣ್ಯ ನಕಲಿ, 10 ಗೆರೆಗಳ ಬದಲು 15 ಗೆರೆ ಇದ್ದರೆ ನಕಲಿ ಎಂದು ಚಿತ್ರ ಹಾಕಿ ಹಂಚಿದರು.

ವಾಸ್ತವ ಹೀಗಿದೆ. ರೂಪಾಯಿ ಚಿಹ್ನೆಯನ್ನು ಕೇಂದ್ರ ಸರ್ಕಾರ ಒಪ್ಪಿದ್ದು 2010ರ ಜುಲೈ 15ರಂದು. ನಾಣ್ಯಗಳ ಮೇಲೆ ಅದು ಬಂದದ್ದು 2011ರಿಂದ. ಅದಕ್ಕಿಂತ ಮೊದಲು ಟಂಕಿಸಿದ ನಾಣ್ಯದಲ್ಲಿ ಚಿಹ್ನೆ ಇರಲು ಸಾಧ್ಯವೇ ಇಲ್ಲ. ಸಂದರ್ಭಕ್ಕೆ ತಕ್ಕಂತೆ ವಿನ್ಯಾಸಗಳೂ ಬದಲಾಗುತ್ತವೆ. ಭಾರತೀಯ ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಹೇಳಿಕೆ ಹೊರಡಿಸಿ, ಅಲ್ಲಿಯವರೆಗೆ ಬಂದ 14 ವಿನ್ಯಾಸಗಳ ಹತ್ತರ ನಾಣ್ಯಗಳೂ ಅಧಿಕೃತ, ಎಲ್ಲವೂ ಚಲಾವಣೆಯಲ್ಲಿವೆ ಎಂದು ಸ್ಪಷ್ಟಪಡಿಸಿತು.

2011ರ ನಾಣ್ಯ ಕಾಯ್ದೆಯ ಪ್ರಕಾರ ಒಂದು ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ಮುಖಬೆಲೆಯ ನಾಣ್ಯಗಳು 1,000 ರೂಪಾಯಿವರೆಗಿನ ಪಾವತಿಗೆ ಕಾನೂನುಬದ್ಧ. 50 ಪೈಸೆ ನಾಣ್ಯ 10 ರೂಪಾಯಿವರೆಗೆ ಕಾನೂನುಬದ್ಧ. 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳು ಮಾತ್ರ 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ.

ಈಗ ನಮ್ಮ ಚೀಲಕ್ಕೆ ಮರಳೋಣ. ಅದನ್ನು ಹಡಗಲಿಯ ಮಲ್ಲಿಗೆ ಮಾರುವ ಒಬ್ಬ ಹೆಣ್ಣುಮಗಳ ದಿನದ ಚಿಲ್ಲರೆ ಎಂದುಕೊಳ್ಳಿ. 275 ರೂಪಾಯಿಯಲ್ಲಿ 150 ರೂಪಾಯಿ ಹತ್ತರ ನಾಣ್ಯಗಳದ್ದು. ಕಿರಾಣಿ ಅಂಗಡಿಯವರು ಅವನ್ನು ಬೇಡ ಎಂದರೆ ಆಕೆಯ ಗಳಿಕೆಯ ಅರ್ಧಕ್ಕಿಂತ ಹೆಚ್ಚು ಆ ಹೊತ್ತಿಗೆ ಬರೀ ಲೋಹ. ಒಂದು ಸುಳ್ಳು ಚಿತ್ರ ಫಾರ್ವರ್ಡ್ ಮಾಡಿದ್ದರ ಬೆಲೆ ಇದು. ಅಂಥ ಸಂದೇಶ ಬಂದರೆ ಅದನ್ನು ನಿಲ್ಲಿಸಬಲ್ಲವರು ನೀವೇ.

ನಾಣ್ಯವನ್ನು ತೂಗಿ ಎಣಿಸಬಹುದೇ?

ಕೊಟ್ಟೂರಿನ ಗುರು ಕೊಟ್ಟೂರೇಶ್ವರ ರಥೋತ್ಸವ, ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕೋತ್ಸವ ಎಂದರೆ ಲಕ್ಷಾಂತರ ಜನ ಸೇರುವ ಜಾತ್ರೆಗಳು. ಇಂಥ ಕಡೆ ಹುಂಡಿ ತುಂಬ ಚಿಲ್ಲರೆ ಬೀಳುತ್ತದೆ. ಒಂದೊಂದನ್ನೇ ಎಣಿಸುವ ಬದಲು ತೂಕ ಹಾಕಿದರೆ ಆಗದೇ? ಇದೂ ಜೋಡಿ ಸಮೀಕರಣವೇ.

2011ರ ಸರಣಿಯ ಐದರ ನಾಣ್ಯದ ತೂಕ 6 ಗ್ರಾಂ. ಹತ್ತರದ್ದು 7.71 ಗ್ರಾಂ. ನಮ್ಮ ಚೀಲದ 40 ನಾಣ್ಯ ತೂಗಿದರೆ 265.65 ಗ್ರಾಂ ಬರುತ್ತದೆ. ಎಲ್ಲವೂ ಐದರದ್ದು ಆಗಿದ್ದರೆ 240 ಗ್ರಾಂ. ಹೆಚ್ಚುವರಿ 25.65 ಗ್ರಾಂ. ಒಂದೊಂದು ಹತ್ತರ ನಾಣ್ಯಕ್ಕೆ 1.71 ಗ್ರಾಂ ಹೆಚ್ಚು. ಭಾಗಿಸಿದರೆ 15. ಉತ್ತರ ಕರಾರುವಾಕ್ಕು.

ಆದರೆ ಇಲ್ಲೊಂದು ಗುಂಡಿ ಇದೆ. 2019ರಿಂದ ಬಂದ ಹೊಸ ಸರಣಿಯ ಐದರ ನಾಣ್ಯದ ತೂಕ 6.74 ಗ್ರಾಂ. ಅದಕ್ಕೂ ಹಿಂದಿನ ಬೆಳ್ಳಿ ಬಣ್ಣದ ದಪ್ಪ ಐದರ ನಾಣ್ಯ 9 ಗ್ರಾಂ ತೂಗುತ್ತದೆ. ಚೀಲದ 25 ಐದರ ನಾಣ್ಯಗಳೂ ಹೊಸ ಸರಣಿಯವು ಆಗಿದ್ದರೆ ತೂಕ 284.15 ಗ್ರಾಂ. ನಾವು ಗೊತ್ತಿಲ್ಲದೆ 6 ಗ್ರಾಂ ಎಂದೇ ಲೆಕ್ಕ ಹಾಕಿದರೆ ಹತ್ತರವು ಸುಮಾರು 26 ಎಂದು ಬರುತ್ತದೆ. ಮೊತ್ತ 330 ರೂಪಾಯಿ ಎಂದು ಬರೆಯುತ್ತೇವೆ. ಚೀಲದಲ್ಲಿರುವುದು 275. ಇಲ್ಲದ 55 ರೂಪಾಯಿ ಹುಟ್ಟಿತು!

ಇಲ್ಲಿ ಗಣಿತದ ತಪ್ಪಿಲ್ಲ. 'ಐದರ ನಾಣ್ಯ ಎಲ್ಲವೂ ಒಂದೇ ತೂಕ' ಎಂಬ ಊಹೆ ತಪ್ಪು. ಎರಡು ಬಗೆಯ ಐದರ ನಾಣ್ಯ ಬೆರೆತಿದ್ದರೆ ಗೊತ್ತಿಲ್ಲದ್ದು ಮೂರಾಗುತ್ತದೆ, ಆಗ ಮೂರನೆಯ ಸುಳಿವೂ ಬೇಕು. ಒಂದು ಮತ್ತು ಎರಡು ರೂಪಾಯಿ ನಾಣ್ಯಗಳನ್ನು ತೂಕದಿಂದ ಪಡೆಯುವುದು ಒಳ್ಳೆಯದು, 100ರ ಪ್ಯಾಕೆಟ್ ಮಾಡಿ ಪಡೆಯುವುದು ಇನ್ನೂ ಅನುಕೂಲ ಎಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿದೆ. ತೂಗುವುದಾದರೆ ಮೊದಲು ಬಗೆ ಬಗೆಯಾಗಿ ಬೇರ್ಪಡಿಸುವುದು ಜಾಣತನ.

ಮನೆಯಲ್ಲಿ ಮಕ್ಕಳಿಗೆ ಹೇಗೆ ಹೇಳಿಕೊಡುವುದು?

ಎಸ್ಸೆಸ್ಸೆಲ್ಸಿ ಓದುವ ಮಕ್ಕಳಿಗೆ ಸಮೀಕರಣ ಬಿಡಿಸುವುದಕ್ಕಿಂತ ಕಥೆಯನ್ನು ಸಮೀಕರಣವಾಗಿ ಬರೆಯುವುದೇ ಕಷ್ಟ. ಪಠ್ಯದಲ್ಲಿ ಬ್ಯಾಂಕಿನಿಂದ 2,000 ರೂಪಾಯಿಯನ್ನು 50 ಮತ್ತು 100ರ 25 ನೋಟುಗಳಾಗಿ ಪಡೆಯುವ ಲೆಕ್ಕವಿದೆ. ಅದು ನಮ್ಮ ನಾಣ್ಯದ ಲೆಕ್ಕದ ಅಣ್ಣ. ಮನೆಯಲ್ಲಿ ಹೀಗೆ ಮಾಡಿ.

• ನಿಜವಾದ ನಾಣ್ಯಗಳನ್ನೇ ತೆಗೆದುಕೊಳ್ಳಿ. ಮಗುವಿಗೆ ತೋರಿಸದೆ ಐದು, ಹತ್ತರ ನಾಣ್ಯ ಬೆರೆಸಿ ಡಬ್ಬಿಗೆ ಹಾಕಿ. ಎಣಿಕೆ ಮತ್ತು ಮೊತ್ತ ಮಾತ್ರ ಹೇಳಿ. ಉತ್ತರ ಬಂದ ಮೇಲೆ ಡಬ್ಬಿ ತೆರೆದು ತಾಳೆ ನೋಡಲಿ.
• 'ಐ' ಎಂದರೆ ಏನು ಎಂದು ಪೂರ್ತಿ ವಾಕ್ಯದಲ್ಲಿ ಬರೆಯಿಸಿ: "ಐ ಎಂದರೆ ಐದರ ನಾಣ್ಯಗಳ ಸಂಖ್ಯೆ." ಎಣಿಕೆ ಮತ್ತು ಬೆಲೆ ಎರಡನ್ನೂ ಕಲಸಿ ಐ + ಹ = 275 ಎಂದು ಬರೆಯುವುದು ಇಲ್ಲಿ ಸುಲಭವಾಗಿ ಆಗುವ ತಪ್ಪು.
• ಒಂದು ಸಾಲು ಎಣಿಕೆಗೆ, ಒಂದು ಸಾಲು ಹಣಕ್ಕೆ ಎಂದು ಅಭ್ಯಾಸ ಮಾಡಿಸಿ.
• ಪೈಸೆ ಮತ್ತು ರೂಪಾಯಿ ಬೆರೆತಿದ್ದರೆ ಮೊದಲು ಎಲ್ಲವನ್ನೂ ಒಂದೇ ಮಾನಕ್ಕೆ ತನ್ನಿ.
• ಹಳೆಯ ಗೈಡ್‌ನಲ್ಲಿ ನಾಲ್ಕಾಣೆ ಲೆಕ್ಕ ಇದ್ದರೆ ಅದನ್ನು 2 ಮತ್ತು 5 ರೂಪಾಯಿಗೆ ಬದಲಿಸಿ. ಕಾಣದ ನಾಣ್ಯದ ಲೆಕ್ಕ ಮಕ್ಕಳ ತಲೆಗೆ ಹತ್ತುವುದಿಲ್ಲ.
• ಟ್ರಿಕ್ ಗೊತ್ತಿದ್ದರೆ ಅದನ್ನೂ ಹೇಳಿ. ಆದರೆ ಎರಡೂ ಒಂದೇ ಎಂದು ತೋರಿಸಿ. ಪರೀಕ್ಷೆಯಲ್ಲಿ ಹೆಜ್ಜೆಗಳಿಗೂ ಅಂಕ ಇರುತ್ತದೆ.

"ನಮಗೆ ಓದು ಹತ್ತಲಿಲ್ಲ, ನೀನೂ ಅಷ್ಟೇ" ಎಂಬ ಮಾತು ಮಾತ್ರ ಬೇಡ. ಹರಪನಹಳ್ಳಿ ಸಂತೆಯಲ್ಲಿ ತರಕಾರಿ ಮಾರುತ್ತಾ ಬಾಯಿಲೆಕ್ಕ ಹೇಳುವ ತಾಯಿಗೆ ಈ ಗಣಿತ ಆಗಲೇ ಬರುತ್ತದೆ. ಮಗು ಪುಸ್ತಕದಲ್ಲಿ ಕಲಿಯುತ್ತಿರುವುದು ಅದನ್ನು ಬರೆದಿಡುವ ಕ್ರಮವನ್ನು.

ಫಾರ್ವರ್ಡ್ ಮಾಡುವ ಮೊದಲು

ಮುಂದಿನ ಸಲ 'ಜೀನಿಯಸ್‌ಗಳಿಗೆ ಮಾತ್ರ' ಎಂಬ ಲೆಕ್ಕ ಬಂದಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಗೊತ್ತಿಲ್ಲದ್ದು ಎಷ್ಟು, ಸುಳಿವು ಎಷ್ಟು? ಸುಳಿವುಗಳು ನಿಜಕ್ಕೂ ಬೇರೆ ಬೇರೆಯೇ? ಉತ್ತರ ಪೂರ್ಣಸಂಖ್ಯೆಯಾಗಿ, ಸೊನ್ನೆಗಿಂತ ಕಡಿಮೆ ಆಗದೆ ಬರುತ್ತದೆಯೇ? ಲೆಕ್ಕದಲ್ಲಿ ಬರೆಯದೆ ಬಿಟ್ಟ ಊಹೆ ಯಾವುದು? ಹಣ, ಆರೋಗ್ಯ, ಚುನಾವಣೆ ಕುರಿತ ಅಂಕಿಸಂಖ್ಯೆಗಳ ಫಾರ್ವರ್ಡ್‌ಗಳಿಗೂ ಇದೇ ಪ್ರಶ್ನೆಗಳು ಅನ್ವಯಿಸುತ್ತವೆ. ಒಂದೇ ಸಂಖ್ಯೆ ತೋರಿಸಿ ಎರಡು ಸಂಗತಿಗಳ ಬಗ್ಗೆ ತೀರ್ಪು ಕೊಡುವ ಸಂದೇಶಗಳು ಸಾಕಷ್ಟಿವೆ. ಒಂದು ಸುಳಿವಿನಿಂದ 28 ಉತ್ತರ ಬರುತ್ತದೆ ಎಂಬುದನ್ನು ನೀವೀಗ ನೋಡಿದ್ದೀರಿ.

ಕೊನೆಗೆ ಎರಡು ಲೆಕ್ಕ. ಕೂಡ್ಲಿಗಿಯ ಒಂದು ಚಹಾದಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ 10 ಮತ್ತು 20 ರೂಪಾಯಿ ನಾಣ್ಯಗಳು ಸೇರಿ 19 ಇವೆ. ಮೊತ್ತ 260 ರೂಪಾಯಿ. ಪಕ್ಕದ ಅಂಗಡಿಯಲ್ಲೂ ಅದೇ ಬಗೆಯ 19 ನಾಣ್ಯ, ಮೊತ್ತ 400 ರೂಪಾಯಿ ಎನ್ನುತ್ತಾರೆ. ಇವೆರಡರಲ್ಲಿ ಒಂದಕ್ಕೆ ಉತ್ತರವಿಲ್ಲ. ಯಾವುದಕ್ಕೆ, ಏಕೆ ಎಂದು ಮನೆಯ ಮಕ್ಕಳ ಜೊತೆ ಕೂತು ಕಂಡುಹಿಡಿಯಿರಿ. ಕಂಡುಹಿಡಿದ ಮೇಲೆ ಬೇಕಾದರೆ ಹತ್ತು ಗ್ರೂಪ್‌ಗೆ ಕಳಿಸಿ. 'ಜೀನಿಯಸ್‌ಗಳಿಗೆ ಮಾತ್ರ' ಎಂಬ ಸಾಲನ್ನು ಮಾತ್ರ ಅಳಿಸಿ.